ಚಿಗವ್ವನ ಜಿಪ್ಸಮ್ ಗೋಡೆ

ಬಂಕಾಪುರದ ಕೋಟೆ ಕಟ್ಟಿಸಿದವರು ಕೂಡ ಗೋಡೆಯ ಬಗ್ಗೆ ನಮ್ಮ ಚಿಗವ್ವನಷ್ಟು ಪ್ರಶ್ನೆ ಕೇಳಿರಲಿಕ್ಕಿಲ್ಲ! ಚಿಗವ್ವ ಎಂದರೆ ನಮ್ಮ ಅಪ್ಪನ ತಮ್ಮನ ಹೆಂಡತಿ. ಆ ತಮ್ಮ, ಅಂದರೆ ನಮ್ಮ ಕಾಕಾ, ಶಿಗ್ಗಾಂವಿಯಲ್ಲಿ ಕಾಳಿನ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಉಳಿದದ್ದೆಲ್ಲ ಉದ್ದಾನುದ್ದ ಪಡಸಾಲೆ. ಅಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಈ ಪಡಸಾಲೆಯ ಮೂಲೆಗೊಂದು ಕೋಣೆ ಬೇಕೆಂದು ಚಿಗವ್ವ ಇದ್ದಕ್ಕಿದ್ದಂತೆ ಹಠ ಹಿಡಿದಳು. ಇಟ್ಟಿಗೆಯ ಭಾರವನ್ನು ಮಹಡಿ ತಾಳಲಾರದು ಎಂದ ಗೌಂಡಿ. ಕಬ್ಬಿಣದ ಚೌಕಟ್ಟು ನಿಲ್ಲಿಸಿ ಜಿಪ್ಸಮ್ ಬೋರ್ಡು ಬಡಿಸಿದರೆ ಹಗುರ ಎಂದವನೂ ಅವನೇ. ಅಲ್ಲಿಂದ ಶುರುವಾಯಿತು ನೋಡಿ, ಗುತ್ತಿಗೆದಾರರ ಪರೀಕ್ಷೆ!

ಮೊದಲು ಬಂದವನು ಹಾನಗಲ್ಲಿನವನು. ಬಗಲಲ್ಲಿ ಬೋರ್ಡಿನ ತುಂಡು, ಮೊಬೈಲಿನಲ್ಲಿ ನಕ್ಷತ್ರ ಮಿನುಗುವ ಚಾವಣಿಗಳ ಫೋಟೊ. ಚಿಗವ್ವ ಆ ತುಂಡನ್ನು ಬೆರಳಿನಿಂದ ಬಡಿದು ನೋಡಿದಳು.

“ಇದು ಗ್ವಾಡಿ ಏನ್ರಿ, ರಟ್ಟೇನ್ರಿ?”

“ಭಾಳ ಗಟ್ಟಿ ಐತ್ರಿ ಅಕ್ಕಾರ.”

“ನೀರು ಬಿದ್ರ?”

“ಏನೂ ಆಗಂಗಿಲ್ರಿ.”

ಚಿಗವ್ವ ಒಂದು ತಂಬಿಗೆ ನೀರು ತಂದು ಆ ತುಂಡನ್ನು ಪರಾತದಲ್ಲಿ ನೆನೆಯಿಟ್ಟು, ಅವನಿಗೆ ಚಹಾ ಕೊಟ್ಟು, ಮನೆಮಂದಿಯ ಕ್ಷೇಮ ವಿಚಾರಿಸಿದಳು. ಅವನ ಚಹಾ ಮುಗಿಯುವ ಹೊತ್ತಿಗೆ ಬೋರ್ಡು ಚಹಾದಲ್ಲಿ ಅದ್ದಿದ ಟೋಸ್ಟಿನಂತಾಗಿತ್ತು!

ಎರಡನೆಯವನು ಸವಣೂರಿನವನು. ಅವನಿಗೂ ಅದೇ ಪ್ರಶ್ನೆ.

“ನೀರು ಬಿದ್ರ ಹಾಳಾಕ್ಕೈತ್ರಿ,” ಎಂದ ಅವನು. “ಬಚ್ಚಲಕ್ಕ ಬ್ಯಾರೆ ಬೋರ್ಡ್ ಬರ್ತೈತ್ರಿ. ನಿಮ್ಮ ಪಡಸಾಲಿಗಿ ಇದ ಸಾಕು.”

“ಜೋಡಿಸಿದ ಕಡೆ ಬಿರುಕು ಬಿಟ್ರ?”

“ಟೇಪ್ ಹಚ್ಚಿ ಪುಟ್ಟಿ ಹಾಕಿದ್ರ ಬಿಡಂಗಿಲ್ರಿ. ಬಿಟ್ರ ಫೋನ್ ಮಾಡ್ರಿ, ಬಂದು ಸರಿ ಮಾಡ್ತೇನಿ.”

ಆ ಉತ್ತರಕ್ಕೆ ಚಿಗವ್ವ ಅರ್ಧ ಸೋತಳು. ಪೂರ್ತಿ ಸೋಲುವ ಜಾತಿ ಅವಳದಲ್ಲ. ಅವನು ಕಟ್ಟಿದ ಗೋಡೆಯೊಂದನ್ನು ಕಣ್ಣಾರೆ ನೋಡಬೇಕೆಂದು ನನ್ನನ್ನೂ ಎಳೆದುಕೊಂಡು ಸವಣೂರಿನ ಬಸ್ಸು ಹತ್ತಿದಳು. ಅವನು ಕರೆದೊಯ್ದದ್ದು ಒಂದು ಬಟ್ಟೆ ಅಂಗಡಿಗೆ. ಬಟ್ಟೆ ತೊಟ್ಟು ನೋಡುವ ಪುಟ್ಟ ಕೋಣೆಯ ಗೋಡೆ ಅವನದು. ಚಿಗವ್ವ ಅದಕ್ಕೆ ಕಿವಿಯಿಟ್ಟು ಟಕಟಕ ಬಡಿದಳು.

“ಒಳಗ ಮಂದಿ ಅದೇವ್ರಿ,” ಎಂದಿತು ಗೋಡೆ.

ನಾನಾಗಿದ್ದರೆ ಅಲ್ಲಿಂದ ಓಡುತ್ತಿದ್ದೆ. ಅವಳು ಓಡುವವಳೇ?

“ಇರ್ಲಿ ಇರ್ರಿ. ನನ್ನ ಮಾತು ನಿಮಗ ಸ್ವಚ್ಛ ಕೇಳಸ್ತೈತೇನ್ರಿ?”

“ಕೇಳಸ್ತೈತ್ರಿ.”

ಚಿಗವ್ವ ಗುತ್ತಿಗೆದಾರನತ್ತ ತಿರುಗಿ, “ಇದು ನಡಿಯಂಗಿಲ್ಲ,” ಎಂದಳು.

ಬೋರ್ಡುಗಳ ನಡುವೆ ಉಣ್ಣೆಯಂಥದ್ದನ್ನು ತುಂಬಿ, ಎರಡೂ ಬದಿಗೆ ಎರಡೆರಡು ಪದರ ಬಡಿದು, ಸಂದುಗಳನ್ನೆಲ್ಲ ಮುಚ್ಚಿದರೆ ಸದ್ದು ಅಡಗುತ್ತದೆ ಎಂದ ಅವನು. ಚಿಗವ್ವನ ಮುಖ ಅರಳಿತು!

ಮನೆಗೆ ಬಂದು ಹೇಳಿದರೆ ಕಾಕಾ ಸಿಡಿಮಿಡಿಗೊಂಡರು.

“ಗ್ವಾಡಿಗೆ ಸ್ವೆಟರ್ ಹಾಕಸ್ತೀ ಏನ? ಇನ್ನ ಸ್ವಲ್ಪ ದಿನಕ್ಕ ನನ್ನ ತಂಗಿ ಬಂದು ಇಲ್ಲೇ ಇರಾಕಿ. ಅಕಿ ಬರೂ ಹೊತ್ತಿಗೆ ನಡುವ ಗ್ವಾಡಿ ಹಾಕಿದ್ರ ಮಂದಿ ಏನಂತಾರ?”

ಕಾಕಾನ ತಂಗಿ, ನನ್ನ ಸೋದರತ್ತೆ, ಹಿರೇಕೆರೂರಿನಲ್ಲಿದ್ದಳು. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದಳು. ಮಕ್ಕಳಿಲ್ಲ. ತಂಗಿಯನ್ನು ಹೆಂಡತಿ ದೂರ ಇಡುತ್ತಿದ್ದಾಳೆ ಎಂಬ ನೋವು ಕಾಕಾನಿಗೆ. ಚಿಗವ್ವ ಸವಣೂರಿನವನಿಗೆ ಮುಂಗಡ ಎಣಿಸಿ ಕೊಟ್ಟಳು. ಕೆಲಸ ಶುರುವಾಯಿತು. ಚೌಕಟ್ಟು ನಿಂತಿತು, ಉಣ್ಣೆ ತುಂಬಿತು, ಬಾಗಿಲೂ ಕೂತಿತು. ಕಾಕಾ ಅಷ್ಟೂ ದಿನ ಅಂಗಡಿಯಲ್ಲೇ ಊಟ ಮಾಡಿದರು.

ಪುಟ್ಟಿ ಒಣಗಿದ ದಿನ ಚಿಗವ್ವ ನನ್ನನ್ನು ಕರೆದಳು.

“ತಮ್ಮಾ, ಒಳಗ ಹೋಗಿ ಬಾಗಲಾ ಹಾಕ್ಕೊಂಡು ಅಳು.”

“ಹಾಡ್ಲೇನು?”

“ಹಾಡು ಬ್ಯಾಡ. ಅಳು.”

ಕಾಲೇಜಿನಲ್ಲಿ ಪಾಠ ಹೇಳುವ ನಾನು ಹೊಸ ಗೋಡೆಯ ಹಿಂದೆ ನಿಂತು ಊಳಿಟ್ಟೆ! ಬಾಗಿಲು ತೆರೆದರೆ, “ಒಂಚೂರೂ ಕೇಳಸ್ಲಿಲ್ಲ,” ಎಂದಳು ಚಿಗವ್ವ. ಕೆಲಸ ನೋಡಲೆಂದು ಕಾಕಾನೂ ಮೇಲೆ ಬಂದು ನಿಂತಿದ್ದರು.

“ಇದೇನ ಹುಚ್ಚ?” ಎಂದರು ಹೆಂಡತಿಗೆ.

ಚಿಗವ್ವ ಗೋಡೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು. “ನಾ ಈ ಮನಿಗೆ ಬಂದ ವರ್ಷನ ನಮ್ಮವ್ವ ಹೋದ್ಲು. ಮನಿ ತುಂಬ ಮಂದಿ. ಅತ್ತರ ಒಬ್ಬರು ನೀರು ಕೊಡಾವ್ರು, ಒಬ್ಬರು ಸಾಕು ಬಿಡು ಅನ್ನಾವ್ರು. ಬಚ್ಚಲದಾಗ ನಳಾ ಬಿಟ್ಟು ಅಳ್ತಿದ್ದೆ. ನಿಮ್ಮ ತಂಗಿ ಗಂಡ ಹೋದಾಗಿಂದ ಮಂದಿ ನಡುವನ ಕುಂತಾಳ. ಅಕಿಗೆ ಮನಸಿಗೆ ಬಂದಷ್ಟು ಅಳಾಕ ಒಂದು ಜಾಗ ಇರ್ಲಿ.”

ಕಾಕಾ ಕೆಳಗಿಳಿದು ಅಂಗಡಿಯ ಬಾಗಿಲು ಹಾಕಿದರು. ಅತ್ತೆಯನ್ನು ಕರೆತರಲು ತಾವೇ ಹೊರಟರು.

ಅತ್ತೆ ಬಂದಳು. ಊಟವಾದ ಮೇಲೆ ಚಿಗವ್ವ ಕೋಣೆ ತೋರಿಸಿ, ಒಳಗಿನ ಚಿಲಕ ಹೇಗೆ ಹಾಕಿಕೊಳ್ಳಬೇಕೆಂದು ಹೇಳಿಕೊಟ್ಟಳು. ಬಾಗಿಲು ಮುಚ್ಚಿತು. ಹೊರಗೆ ನಾವು ಕೂತೇ ಇದ್ದೆವು. ನಮಗೆ ಏನೂ ಕೇಳಿಸಲಿಲ್ಲ.

ಹೊತ್ತು ಇಳಿದಾಗ ಅತ್ತೆ ಹೊರಗೆ ಬಂದಳು. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

“ವೈನಿ, ಚಹಾ ಇಟ್ಟೀರೇನು?”

ಚಿಗವ್ವ ಅವಳ ಮುಖ ನೋಡಲಿಲ್ಲ. ಒಲೆಯ ಮುಂದೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

“ಇಡಾಕತ್ತೇನಿ, ಬಾ. ಶುಂಠಿ ಜಜ್ಜಿ ಕೊಡು.”