ರೋಮಿನ ದಂಡು, ತುರೋರಿಯ ಕಡಲೆ

"ಇವತ್ತ ನನ್ನ ಊರಿನ ಒಂದು ಹುಲ್ಲುಕಡ್ಡಿನೂ ವೈರಿ ಕೈಗಿ ಸಿಗಬಾರ್ದು!" ಎಂದು ಸಿದ್ದರಾಮ ಬೇವಿನ ನೆರಳಿನಲ್ಲಿ ಕೂತು ಮೀಸೆ ತಿರುವಿದ.

ಊರಿದ್ದದ್ದು ಮೊಬೈಲಿನಲ್ಲಿ. ಹಳೇ ಕಾಲದ ರೋಮ್ ನಗರ ಕಟ್ಟುವ ಆಟ. ಕೋಟೆ, ಬುರುಜು, ಈಟಿ ಹಿಡಿದ ದಂಡು ಎಲ್ಲವೂ ಈ ಮಹಾಶಯನದೇ ಕೈಕೆಲಸ! ಕುರಿಗಾಹಿಯಾದ ಅವನ ನಿಜವಾದ ಕುರಿಗಳು ಎದುರಿಗೇ, ಗೂಟಕ್ಕೆ ಕಟ್ಟಿದ ಬಲೆಯ ಬೇಲಿಯೊಳಗೆ ಮಲಗಿದ್ದವು. ತುರೋರಿ ಎಂಬ ಹಳ್ಳಿಯ ರೈತ ಮನ್ಮಥಪ್ಪ ಗೊಬ್ಬರಕ್ಕೆಂದು ತನ್ನ ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಬದಲಿಗೆ ಜೋಳ ಕೊಡಲು ಒಪ್ಪಿದ್ದ. ಪಕ್ಕದ ತನ್ನ ಕಡಲೆ ಬೆಳೆಗೆ ಒಂದು ಕುರಿ ಬಾಯಿ ಹಾಕಿದರೂ ಜೋಳ ಇಲ್ಲ ಅಂತ ಕರಾರು.

"ಉಮರ್ಗಾ ಬಜಾರಕ್ಕ ಹೋಗಿ ಬರ್ತೀನಿ, ಕುರಿ ಕಡಿ ಲಕ್ಷ್ಯ ಇರ್ಲಿ," ಎಂದಳು ಹೆಂಡತಿ ಸೋನಾಲಿ.

"ಇಡೀ ದಂಡು ಸಂಭಾಳಸಾಂವ ನಾ! ನಿನ್ನ ಕುರಿ ಯಾವ ಲೆಕ್ಕ?"

"ದಂಡಿಗಿ ಹೊಟ್ಟಿ ಇರಲ್ರೀ, ಕುರಿಗಿ ಇರ್ತದ," ಎಂದು ಆಕೆ ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಆಟದಲ್ಲಿ ವೈರಿಗಳು ಬಂದೇ ಬಂದರು. ಸಿದ್ದರಾಮ ದಂಡನ್ನು ಬೆರಳಿನಿಂದ ಒತ್ತಿದ, ತಿವಿದ, ಉಜ್ಜಿದ. ಒಬ್ಬನೂ ಅಲುಗಲಿಲ್ಲ! ಸೇನಾಧಿಪತಿಗೆ ತಲೆ ಕೆಟ್ಟಿತು. ಆಟ ಎಂಬುದನ್ನೇ ಮರೆತು, ಅಜ್ಜನ ಕಾಲದಿಂದ ಕುರಿ ಎಬ್ಬಿಸುತ್ತಿದ್ದ ಕೂಗನ್ನೇ ಹಾಕಿಬಿಟ್ಟ: "ಹುರ್ರ್ರ್... ಹೋ! ನಡೀರಿ! ನುಗ್ರಿ!"

ರೋಮಿನವರಿಗೆ ಆ ಕೂಗು ಏನು ತಿಳಿದೀತು? ಕುರಿಗಳಿಗೆ ತಿಳಿಯಿತು. ಧಣಿಯ ಅಪ್ಪಣೆ! ಟಗರು ಮುಂದಾಗಿ ಗೂಟ ಕಿತ್ತಿತು, ಹಿಂದೆ ಇಡೀ ಹಿಂಡು ನುಗ್ಗಿತು. ಆ ಗದ್ದಲ ಮೊಬೈಲಿನದೇ ಎಂದುಕೊಂಡ ಸಿದ್ದರಾಮ, "ಶಾಬಾಸ್! ಬಿಡಬ್ಯಾಡ್ರಿ!" ಎಂದು ಮತ್ತೂ ಜೋರಾಗಿ ಕೂಗಿದ. ತಲೆ ಎತ್ತಿದಾಗ ಕಡಲೆ ಹೊಲದಲ್ಲಿ ಕಡಲೆ ಕಾಣುತ್ತಿರಲಿಲ್ಲ, ಬರೀ ಉಣ್ಣೆ ಕಾಣುತ್ತಿತ್ತು.

ಮನ್ಮಥಪ್ಪ ಧೋತರ ಎತ್ತಿ ಕಟ್ಟಿ ಓಡಿಬಂದ. "ಯಾರಲೇ ಕುರಿ ಬಿಟ್ಟವ?"

"ಕುರಿ ಬಿಟ್ಟಿಲ್ರೀ ಮಾಲಕ್ರ, ನಾ ದಂಡು ಬಿಟ್ಟೀನಿ!"

ಅಷ್ಟರಲ್ಲಿ ಸೋನಾಲಿ ಬಜಾರದಿಂದ ಬಂದು, ಚೀಲ ಬಿಸಾಡಿ, ಒಂದೇ ಸಿಳ್ಳೆಗೆ ಹಿಂಡನ್ನು ತಿರುಗಿಸಿದಳು. ಏನು ಪ್ರಯೋಜನ? "ಜೋಳದ ಆಸೆ ಬಿಡ್ರಿ," ಎಂದವನೇ ಮನ್ಮಥಪ್ಪ ಹೊರಟುಹೋದ. ಆಕೆಯ ಕಣ್ಣು ತುಂಬಿಬಂದಿತು.

ಆದರೂ ಸಿದ್ದರಾಮನ ಬಾಯಿ ಸುಮ್ಮನಿದ್ದೀತೇ? ಮೊಬೈಲ್ ಇಣುಕಿ ನೋಡಿ, "ಏನರೆ ಅನ್ನು, ವೈರಿ ವಾಪಸ್ ಹೋಗ್ಯಾನ. ಊರು ಉಳಸೀನಿ," ಎಂದ.

"ಹಂಗಾದ್ರ ರೊಟ್ಟಿ ಆ ಊರಾಗೇ ತಿನ್ರಿ!"

ಸಿದ್ದರಾಮ ಕೋಟೆಯ ಸುತ್ತ ಬೆರಳಾಡಿಸಿದ. ದಂಡು ಯಾಕೆ ಅಲುಗಲಿಲ್ಲ ಎಂಬುದು ಈಗ ತಿಳಿಯಿತು. ಅವನ ದನಿ ಇಳಿದುಹೋಯಿತು.

"ಅಲ್ಲಿ ಮಂದೀನೂ ಉಪಾಸ ಅದಾರ, ಕಾಳು ಒಳಗ ಬರವಲ್ದು... ಕ್ವಾಟಿಗಿ ಬಾಗಲಾ ಇಡೋದೇ ಮರ್ತೀನಿ."