ತಾಡಪತ್ರಿ ಚೀಲ ಹೊತ್ತು ಜೇವರ್ಗಿಗೆ

ಭಾರ ಹೊರಾಕ ಏನರ ಹೊಸಾ ಸಾಮಾನು ಮನಿಗೆ ಬಂತಂದ್ರ, ಎಲ್ಲಾರೂ ಮೊದಲು ಸಾಮಾನು ನೋಡ್ತಾರ, ಆಮ್ಯಾಲ ನನ್ನ ಕಡೆ ನೋಡ್ತಾರ. ಮದಿವ್ಯಾಗಿ ಹಿರೋಳ್ಳಿಗೆ ಬಂದಾಗಿಂದ ಇದೇ ನಡದದ. ಕೊಡ ಬಂತು, ಬುಟ್ಟಿ ಬಂತು. ಊರಾಗ ಟಿ.ವಿ. ಬಂದ ಹೊಸತರಾಗ ಬೆನ್ನಚೀಲವೂ ಬಂತು.

ತಂದಾಂವ ನನ್ನ ತಮ್ಮ. ಆಳಂದದಾಗ ಮತ್ತೊಬ್ಬರ ಅಂಗಡ್ಯಾಗ ಕುಂತು ಲಾರಿ ಮ್ಯಾಲ ಹೊಚ್ಚೋ ತಾಡಪತ್ರಿ ಹೊಲಿಯಾಂವ. ರಜಾಕ್ಕ ಬಂದ ಮಿಲಿಟರಿ ಜವಾನನ ಬೆನ್ನಮ್ಯಾಗಿನ ಚೀಲ ನೋಡಿದ್ದ. ಅದಕ್ಕಿಂತ ದೊಡ್ಡದು ಹೊಲದು ಪಾದಯಾತ್ರಿ ಮಂದಿಗೆ ಮಾರಬೇಕು, ನಡದ್ರ ಸ್ವಂತ ಮಷಿನ್ ಇಡಬೇಕು ಅನ್ನೋದು ಅವನ ಆಸೆ. ಆ ವರ್ಷ ನಮ್ಮೂರ ಮಂದಿ ಅಫಜಲಪುರ ದಾಟಿ, ಜೇವರ್ಗಿ ಕಡೆ ಒಂದು ಮಠಕ್ಕ ನಡಕೋತ ಹೊಂಟಿದ್ವಿ.

“ಅಕ್ಕಾ, ನೀ ಹೊತ್ತು ನಡದು ನೋಡು. ಎಲ್ಲಿ ಒತ್ತತದ, ಎಲ್ಲಿ ಜಗ್ಗತದ, ಖರೇ ಖರೇ ಹೇಳು. ನೀ ಹೇಳಿದಂಗ ಮುಂದಿನ ಚೀಲ ಹೊಲೀತೇನಿ,” ಅಂದ.

ನನ್ನ ಮಾತು ಕೇಳಿ ಒಬ್ಬರು ಏನರ ಮಾಡ್ತಾರಂದ್ರ ಅದೇ ಮೊದಲು. ಹಿಟ್ಟಿನ ಕೈಲೇ ಎದ್ದು ನಿಂತೆ.

ಅಳತಿ

ಚೀಲಕ್ಕ ಪಟ್ಟಿ ಹಚ್ಚೋದೊಂದು ಉಳದಿತ್ತು, ತಮ್ಮ ಟೇಪು ತಗದ. ನಮ್ಮನಿ ಯಜಮಾನ್ರು ಚಹಾದ ಬಸಿ ಕೆಳಗಿಟ್ಟು ಎದಿ ಉಬ್ಬಿಸಿ ಮುಂದ ಬಂದ್ರು.

“ಅಳತಿ ನಂದು ತಗೋಪಾ.”

“ಹೊರಾಕಿ ಅಕ್ಕ ಅದಾಳ್ರಿ ಮಾವಾರ.”

“ಹೊರತಾಳ. ಯಾರು ಬ್ಯಾಡಂದ್ರು? ಆದ್ರ ಮನಿ ಹಿರ್ಯಾ ನಾ ಇರೂವಾಗ ಆಕಿ ಅಳತಿ ಯಾಕ?”

ಅವರು ಬಾಗಲಾ ಬಗ್ಗಿ ಒಳಗ ಬರೋ ಆಳು. ನಾ ಅವರ ಎದಿಮಟ್ಟ. ಅವರ ಅಳತೀಲೇ ಹೊಲದ ಪಟ್ಟಿ ಅವರ ಹೆಗಲಿಗೆ ಬರೋಬರಿ ಕೂತ್ವು. ನಾ ಹಾಕ್ಕೊಂಡ್ರ ಚೀಲ ಸೊಂಟ ದಾಟಿ ಕೆಳಗಿಳದು, ಹೆಜ್ಜಿಗೊಮ್ಮಿ ಮೊಣಕಾಲ ಹಿಂದ ಬಡೀತಿತ್ತು. ಊರು ಬಿಟ್ಟು ಇನ್ನೂ ಹೊಲ ದಾಟಿದ್ದಿಲ್ಲ, ಹಿಂದಿಂದ ನೆರಮನಿಯಾಕಿ ಕೂಗಿದಳು:

“ಏ ಯಕ್ಕಾ, ಈಗಿಂದನ ಯಾಕ ಓಡಾಕತ್ತಿ?”

“ನಾ ಎಲ್ಲಿ ಓಡಾಕತ್ತೇನಿ ಬೇ? ಚೀಲ ಒದ್ದು ಓಡಸಾಕತ್ತದ!”

ಜಾಗ ಅದ

ಚೀಲ ದೊಡ್ಡದಾದ್ರ ಅದು ಒಬ್ಬರದಾಗಿ ಉಳಿಯಂಗಿಲ್ಲ. ನಾ ಹಾಕಿದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಕೌದಿ. ಆಳಂದ ಬರೂದ್ರಾಗ ನೆರಮನಿಯಾಕಿ ಕಬ್ಬಿಣದ ಹಂಚು ತಂದು ತುರುಕಿದಳು. ಆಕಿ ಗಂಡಗ ಬಿಸಿ ರೊಟ್ಟಿನೇ ಆಗಬೇಕಂತ. “ಜಾಗ ಅದ ಅಲ್ಲ ಯಕ್ಕಾ?” ಅಂದಳು. ಮುಂದ ಎಲ್ಲಾರ ಬಾಯಾಗೂ ಅದೇ ಮಾತು. ನನ್ನ ಬೆನ್ನಾಗ ಜಾಗ ಅದನೋ ಇಲ್ಲೋ, ಯಾರೂ ಕೇಳಲಿಲ್ಲ.

ಒಬ್ಬ ಮುತ್ಯಾ ಬರಿಗಾಲಾಗ ನಡಿಯೋ ಹರಕಿ ಹೊತ್ತಿದ್ದ. ಅವನೂ ತನ್ನ ಜೋಡು ತಂದ, ಟೈರಿನ ಅಟ್ಟಿ ಹಾಕಿದ್ದವು, ಒಂದೊಂದೂ ಇಟ್ಟಂಗಿಯಷ್ಟು.

“ಮುತ್ಯಾ, ಬರಿಗಾಲ ಹರಕಿ ಅಂತಿ, ಮತ್ತ ಚಪ್ಪಲಿ ಯಾಕ?”

“ಬರೂಮುಂದ ಬಸ್ಸಿಗೆ ಬರೋದಲ್ಲವಾ? ಬಸ್ಸಿನಾಗ ಬರಿಗಾಲಾಗ ಕೂತ್ರ ಮಂದಿ ಏನಂತಾರ?”

ಪುಣ್ಯ ಅವನ ಕಾಲಿಗೆ ಬಂತು, ಚಪ್ಪಲಿ ನನ್ನ ಬೆನ್ನಿಗೆ ಬಂದ್ವು.

ನಮ್ಮ ಜೋಡಿ ಇದ್ದ ಸ್ವಾಮೇರು ದಾರಿಯುದ್ದ ಪ್ರವಚನ ಹೇಳ್ತಿದ್ರು. ಶರಣರಿಗೆ ಹೆಣ್ಣಿಲ್ಲ, ಗಂಡಿಲ್ಲ, ಎಲ್ಲಾರೂ ಒಂದೇ ಅಂತ. ನಾ ಹಿಂದ ಉಳದಿದ್ದು ನೋಡಿ ಅಲ್ಲಿಂದನ ಕೂಗಿದ್ರು:

“ತಾಯಿ, ಕೇಳಾಕತ್ತದೇನು?”

“ಕೇಳಾಕತ್ತದ್ರಿ ಯಪ್ಪಾ. ನಿಮ್ಮ ಪುಸ್ತಕದ ಗಂಟೂ ನನ್ನ ಬೆನ್ನ ಮ್ಯಾಲೇ ಅದ್ರಿ.”

ದೋಣಿ

ಅಫಜಲಪುರ ದಾಟಿ ಭೀಮಾ ನದಿ ದಂಡಿಗೆ ಬಂದ್ವಿ. ಅಂಬಿಗ ಚೀಲ ನೋಡಿ, “ಇದರಾಗ ಉಣ್ಣೋದು ಅದ, ತೊಯ್ತದ. ನಡುವ ಇಡ್ರಿ,” ಅಂದ. ನನ್ನ ನೋಡಿ, “ಅವ್ವಾ, ನೀ ತುದೀಗೆ ಸರಿ,” ಅಂದ.

ಯಜಮಾನ್ರು ನಡುವ ಕುಂತು ಚೀಲ ಕೂಸಿನಂಗ ತೆಕ್ಯಾಗ ಹಿಡದ್ರು. ನಾ ಅಂಚಿಗೆ. ದೋಣಿ ವಾಲಿದಾಗೆಲ್ಲ ನೀರು ಮಡಲಾಗ.

“ಏನ್ರಿ, ನಾ ಬಿದ್ರ?”

ಅವರ ಮಾರಿ ಸಣ್ಣದಾತು. ಇಷ್ಟು ವರ್ಷಕ್ಕರ ಕಳ್ಳು ಚುರುಕ್ಕಂತೇನೋ ಅಂತ ನನಗೂ ಕಣ್ಣಾಗ ನೀರು ಬಂತು.

“ಬೀಳಬ್ಯಾಡ, ಗಟ್ಟಿ ಹಿಡಕೊ,” ಅಂದ್ರು. “ಆ ದಂಡ್ಯಾಗ ಚೀಲ ಯಾರು ಹೊರಬೇಕು?”

ಹಾರ

ಮಠ ಇನ್ನೇನು ಕಂಡಿತ್ತು. ಹಲಗಿ ಸಪ್ಪಳ ಕೇಳಾಕತ್ತಿತ್ತು. ಬಂದವರಿಗೆ ಹಾರ ಹಾಕಾಕ ಮಂದಿ ನಿಂತಿದ್ರು. ಅಲ್ಲಿತನಕ ಬಿಸಲಿಗೆ ಕೊಡಿ ಹಿಡಕೊಂಡು ಮುಂದ ಮುಂದ ನಡದ ಯಜಮಾನ್ರು ಗಕ್ಕನ ನಿಂತು, “ತಾ ಇಲ್ಲಿ ಚೀಲ,” ಅಂದ್ರು.

ನಾ ಹೆಗಲು ತಿಕ್ಕೋತ ಕೊಟ್ಟೆ. ಕೈಯಾಗ ಹಿಡದು ನೋಡಿ, “ಅಬಬಬ!” ಅಂತ ಕೆಳಗಿಟ್ರು. ಒಳಗಿದ್ದ ಹಂಚು, ಜೋಡು, ಪುಸ್ತಕ ಎಲ್ಲಾ ಕೌದಿಯೊಳಗ ಸುರವಿ ಗಂಟು ಕಟ್ಟಿ ನನ್ನ ತಲಿ ಮ್ಯಾಲ ಇಟ್ರು. ಚೀಲ ಸೊರಗಿ ಕಾಣಬಾರದಂತ ದಾರಿ ಬಾಜೂಕಿನ ಬಣವಿಯಿಂದ ಒಣ ಹುಲ್ಲು ಕಿತ್ತು ತುಂಬಿ, ಬೆನ್ನಿಗೆ ಹಾಕ್ಕೊಂಡು, ಸೊಂಟ ಬಗ್ಗಿಸಿ, ಏದುಸಿರು ಬಿಡಕೋತ ಹೊಂಟ್ರು.

“ಅಯ್ಯೋ, ಹಿರೋಳ್ಳಿಯಿಂದ ಇದನ್ನ ಹೊತ್ತು ಬಂದಾರ!” ಅಂತ ಮಂದಿ ಓಡಿ ಬಂದು ಎರಡೆರಡು ಹಾರ ಹಾಕಿದ್ರು. ಕಟ್ಟಿ ಮ್ಯಾಲ ಕುಂದ್ರಿಸಿ ಶರಬತ್ತು ಕೊಟ್ರು. ನಾ ತಲಿಮ್ಯಾಗಿನ ಗಂಟು ಇಳಸಾಕ ಯಾರರ ಬರ್ತಾರೇನಂತ ನೋಡಕೋತ ನಿಂತಿದ್ದೆ.

ಬಸ್ಸಿಗೆ ಬಂದಿದ್ದ ತಮ್ಮ ಅಲ್ಲೇ ಕಾದಿದ್ದ. ನನ್ನ ಕಡೇನೇ ಬಂದ. “ಅಕ್ಕಾ, ಚೀಲ ಹೆಂಗದ? ಏನ್ ತಿದ್ದಬೇಕು, ಹೇಳು.”

ನಾ ಬಾಯಿ ತಗಿಯೋದ್ರಾಗ ಕಟ್ಟಿ ಮ್ಯಾಲಿಂದ ಉತ್ತರ ಬಂತು.

“ಏನೂ ತಿದ್ದಬ್ಯಾಡಪಾ! ಭಾಳ ಛಲೋ ಅದ. ಹೊತ್ತಂಗೇ ಆಗಂಗಿಲ್ಲ. ಮುಂದಿಂದು ಇನ್ನಾ ದೊಡ್ಡದು ಹೊಲಿ!”

ಹೊಲಿಗಿ ಬಿಚ್ಚೇದೇನಂತ ನೋಡಾಕ ತಮ್ಮ ಚೀಲದ ಬಾಯಿ ಬಿಚ್ಚಿದ. ಹುಲ್ಲು ಬಳಬಳ ಸುರೀತು. ಹಲಗಿ ಬಾರಸಾಂವನೂ ಕೈ ನಿಲ್ಲಿಸಿದ.

“ಇದೇನಕ್ಕಾ?”

“ಇದು ನಿಮ್ಮ ಮಾವ ಹೊತ್ತದ್ದಪಾ,” ಅಂದೆ. “ನಾ ಹೊತ್ತದ್ದು, ಅಗೋ, ಹಾರ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತದ.”