ನಾನು ತಡೆದ ಒಂದೇ ಗೋಲು

ಫುಟ್‌ಬಾಲ್ ಬಗ್ಗೆ ನನಗೆ ತಿಳಿಯದ ವಿಷಯ ಯಾವುದೂ ಇರಲಿಲ್ಲ. ಆಡುವುದೊಂದನ್ನು ಬಿಟ್ಟು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಗುಮಾಸ್ತ. ಸಂಜೆ ಕಚೇರಿ ಬಿಟ್ಟರೆ ನೇರ ಬಸ್ ಸ್ಟ್ಯಾಂಡಿನ ಹಿಂದಿದ್ದ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ನಾಲ್ಕೈದು ಜನ ಸೇರಿ, ಬೈಟು ಕಾಫಿ ಮುಂದಿಟ್ಟುಕೊಂಡು, ನಮ್ಮೂರ ಫುಟ್‌ಬಾಲ್ ತಂಡವನ್ನು ದಿನವೂ ಉದ್ಧಾರ ಮಾಡುತ್ತಿದ್ದೆವು. ಲೆಫ್ಟ್ ಔಟ್‌ನಲ್ಲಿ ಯಾರಿರಬೇಕು, ಯಾರನ್ನು ಮನೆಗೆ ಕಳಿಸಬೇಕು, ಆಟಗಾರನಿಗೆ ಸಂಬಳ ಕೊಟ್ಟರೆ ಆಟ ಉದ್ಧಾರವಾಗುತ್ತದೋ ಹಾಳಾಗುತ್ತದೋ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಲೈಬ್ರರಿಗೆ ಬರುತ್ತಿದ್ದ ಕ್ರೀಡಾ ಪತ್ರಿಕೆಗಳನ್ನೆಲ್ಲ ನಾನು ಓದಿಕೊಂಡಿದ್ದರಿಂದ ಕೊನೆಯ ಮಾತು ನನ್ನದೇ.

ತಂಡದ ಮ್ಯಾನೇಜರ್ ರಂಗಪ್ಪ ಮೇಷ್ಟ್ರು. ನಿವೃತ್ತ ಡ್ರಿಲ್ ಮೇಷ್ಟ್ರು, ಮಾತು ಕಡಿಮೆ. ಕುಣಿಗಲ್ ತಂಡದ ಜೊತೆ ವರ್ಷಕ್ಕೊಂದು ಪಂದ್ಯ ನಡೆಯುತ್ತಿತ್ತು. ಹಿಂದಿನ ಮೂರು ವರ್ಷವೂ ಮೇಷ್ಟ್ರ ತಂಡವೇ ಗೆದ್ದಿತ್ತು. ಆದರೆ ಗೆದ್ದ ರೀತಿ ನನಗೆ ಒಪ್ಪಿಗೆಯಾಗಿರಲಿಲ್ಲ.

ಒಂದು ಸಂಜೆ ನಾನು ಮೇಜು ಕುಟ್ಟಿ ಹೇಳಿದೆ: “ಯುವಕರಿಗೆ ತರಬೇತಿ ಇಲ್ಲ! ಸಂಬಳಕ್ಕೊಂದು ಪದ್ಧತಿ ಇಲ್ಲ! ಈ ಮೇಷ್ಟ್ರು ಇರೋವರ್ಗೂ ನಮ್ ಟೀಮು ಉದ್ಧಾರ ಆಗಲ್ಲ ಕಣ್ರಯ್ಯ!”

ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ಹಿಂದಿನ ಮೇಜಿನಲ್ಲಿ ಮೇಷ್ಟ್ರು ಖಾಲಿ ದೋಸೆ ತಿನ್ನುತ್ತಿದ್ದರು. ಕೊನೆಯ ತುತ್ತು ಮುಗಿಸಿ, ಕೈ ತೊಳೆದು, ತಮ್ಮ ಚೀಲವನ್ನು ತಂದು ನನ್ನ ಮುಂದಿಟ್ಟರು.

“ಮಹದೇವಯ್ಯನೋರೆ, ಇದು ಸೀಟಿ. ಇದು ಪಂಪು. ಇದು ಚೆಂಡು, ಒಂದ್ ಪಂಚರ್ ಐತೆ. ಬಾಕಿ ಎಲ್ಲಾ ನಿಮ್ಗೇ ಗೊತ್ತು.”

ಹೀಗೆ ನಾನು ಮ್ಯಾನೇಜರ್ ಆದೆ. ಕುಣಿಗಲ್ ಪಂದ್ಯಕ್ಕೆ ಆರು ವಾರ ಬಾಕಿ ಇತ್ತು.

ಮನೆಗೆ ಹೋಗಿ ಗಿರಿಜಾಗೆ ಸುದ್ದಿ ಹೇಳಿದೆ. ನನ್ನ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು.

“ನೀವಾ? ಮೊನ್ನೆ ಪಕ್ಕದ್ಮನೆ ಮಗು ಉರುಳಿಸಿದ ಚೆಂಡು ಒದೆಯಕ್ಕೋಗಿ ಚಪ್ಪಲಿ ಹೆಂಚಿನ ಮೇಲೆ ಬಿದ್ದಿತ್ತಲ್ಲ!”

“ಮ್ಯಾನೇಜರ್ ಒದೆಯೋ ಹಾಗಿಲ್ಲ ಕಣೇ. ಯೋಚನೆ ಮಾಡ್ಬೇಕು.”

“ಮಾಡಿ. ನಮ್ ರೇಣು ಒಬ್ಬನ್ನ ಬಿಟ್ಟು ಇನ್ಯಾರ್ ಬಗ್ಗೆಯಾದ್ರೂ ಮಾಡಿ.”

ರೇಣು ಎಂದರೆ ಅವಳ ತಮ್ಮ ರೇಣುಕ. ಕುಣಿಗಲ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಓದಿದ್ದು ತುಮಕೂರಿನಲ್ಲಾದ್ದರಿಂದ ಆಡುತ್ತಿದ್ದುದೂ ನಮ್ಮ ತಂಡಕ್ಕೇ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಅಕ್ಕನ ಕೈಯ ಊಟ ಮಾಡಿ, ಸಂಜೆ ಎಡಗಾಲಲ್ಲಿ ಒಂದೆರಡು ಗೋಲು ಹೊಡೆದು ಹೊರಟುಹೋಗುತ್ತಿದ್ದ. ತಂಡದಲ್ಲಿ ಗೋಲು ಹೊಡೆಯುವ ಅಭ್ಯಾಸವಿದ್ದವನು ಅವನೊಬ್ಬನೇ.

ಆದರೆ ಅವನಿಗೆ ಇಪ್ಪತ್ತಾರು ವರ್ಷ. ನನ್ನ ಯುವಜನ ನೀತಿಯ ಪ್ರಕಾರ ಇಪ್ಪತ್ತೈದು ದಾಟಿದವರಿಗೆ ಜಾಗವಿರಲಿಲ್ಲ. ಭಾಮೈದನೆಂದು ಉಳಿಸಿಕೊಂಡರೆ ಹೋಟೆಲಿನಲ್ಲಿ ನನ್ನ ಮರ್ಯಾದೆಯ ಗತಿ ಏನು? ಎರಡು ದಿನ ಯೋಚಿಸಿ, ಕಚೇರಿಯ ಟೈಪ್‌ರೈಟರಿನಲ್ಲಿ ನಾನೇ ಪತ್ರ ಸಿದ್ಧಪಡಿಸಿದೆ. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಯೋಮಿತಿ ಮೀರಿರುವ ಕಾರಣ ತಮ್ಮ ಸೇವೆಯು ಇನ್ನು ಮುಂದೆ ತಂಡಕ್ಕೆ ಅಗತ್ಯವಿರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.” ಕೆಳಗೆ, ಪದ್ಧತಿಯಂತೆ, “ಪ್ರತಿ: ಶ್ರೀಮತಿ ಗಿರಿಜಮ್ಮನವರ ಮಾಹಿತಿಗಾಗಿ.”

ಪ್ರತಿಯನ್ನು ನಾನೇ ಖುದ್ದಾಗಿ ತಲುಪಿಸಿದೆ. ಗಿರಿಜಾ ಓದಿದಳು. ಮಡಿಸಿದಳು. ಒಲೆಗೆ ಹಾಕಿದಳು. ಅಂದಿನಿಂದ ನನ್ನ ತಟ್ಟೆಗೆ ತುಪ್ಪ ಬೀಳುವುದು ನಿಂತಿತು.

ಎರಡನೆಯ ಸುಧಾರಣೆ ಸಂಬಳದ್ದು. ಬೆಂಗಳೂರಿನಲ್ಲಾದರೆ ಒಳ್ಳೆಯ ಆಟಗಾರನಿಗೆ ಕಾರ್ಖಾನೆಗಳು ಕೆಲಸವನ್ನೇ ಕೊಡುತ್ತಿದ್ದವು. ನಮ್ಮಲ್ಲಿ ಕೊಡುತ್ತಿದ್ದುದು ಬೇಯಿಸಿದ ಮೊಟ್ಟೆ. ಪಂದ್ಯ ಮುಗಿದ ಮೇಲೆ ತಲೆಗೆ ಎರಡು. ಮೇಷ್ಟ್ರ ಮನೆಯಲ್ಲಿ ಕೋಳಿಗಳಿದ್ದವು. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುವಂತಿರಲಿಲ್ಲ. ದುಡ್ಡು ಕೊಟ್ಟೇ ತರಬೇಕಿತ್ತು. ಆದ್ದರಿಂದ ನಾನು ಫಲಿತಾಂಶದ ಮೇಲೆ ಸಂಬಳ ಎಂಬ ಆಧುನಿಕ ಪದ್ಧತಿ ತಂದೆ. ಗೆದ್ದರೆ ಎರಡು ಮೊಟ್ಟೆ, ಡ್ರಾ ಆದರೆ ಒಂದು, ಸೋತರೆ ಇಲ್ಲ.

ಗೋಲ್‌ಕೀಪರ್ ಇಸ್ಮಾಯಿಲ್ ಎದ್ದು ನಿಂತ. ಗುಬ್ಬಿಯವನು, ಲಾರಿ ಮೆಕ್ಯಾನಿಕ್. ಅವನ ಒಂದೊಂದು ಅಂಗೈ ನಮ್ಮ ಮನೆಯ ರೊಟ್ಟಿಯಷ್ಟು ಅಗಲ.

“ಸಾರ್, ನಾನು ಒಂದ್ ಗೋಲೂ ಬಿಡ್ಲಿಲ್ಲ ಅಂತಿಟ್ಕೊಳಿ. ಮುಂದೆ ಆಡೋರು ಒಂದ್ ಗೋಲೂ ಹೊಡೀಲಿಲ್ಲ. ಆಗ ನನ್ ಒಂದ್ ಮೊಟ್ಟೆ ಯಾಕ್ ಹೋಗ್ಬೇಕು?”

ಪ್ರಶ್ನೆ ನ್ಯಾಯವಾಗಿತ್ತು. “ನೀತಿ ಅಂದ್ರೆ ನೀತಿ” ಎಂದೆ.

“ಹಂಗಾರೆ ನಿಮ್ ನೀತೀನೇ ಗೋಲಲ್ಲಿ ನಿಲ್ಲಿಸ್ಕೊಳಿ ಸಾರ್” ಎಂದು ಹೇಳಿ ಇಸ್ಮಾಯಿಲ್ ಸೈಕಲ್ ಹತ್ತಿದ. ಬಂದೇ ಬರುತ್ತಾನೆಂದು ನಾನು ನಂಬಿದ್ದೆ. ಬೇರೆ ಕೀಪರನ್ನು ಹುಡುಕಲಿಲ್ಲ.

ಮೂರನೆಯದು ಯುವಜನರ ಬೆಳವಣಿಗೆ. ಕ್ಯಾತ್ಸಂದ್ರದ ಒಂದು ಹಾಸ್ಟೆಲಿಗೆ ಹೋಗಿ, ಚುರುಕಾಗಿ ಕಂಡ ಐದು ಕಾಲೇಜು ಹುಡುಗರನ್ನು ಆರಿಸಿದೆ. ದಿನವೂ ಬೆಳಿಗ್ಗೆ ಓಡಿಸಿದೆ. ಹುಡುಗರು ಜಿಂಕೆಯಂತೆ ಓಡುತ್ತಿದ್ದರು. ಚೆಂಡು ಯಾವಾಗಲೂ ಪಂಚರ್ ಆಗಿರುತ್ತಿದ್ದುದರಿಂದ ಓಟದಲ್ಲೇ ತರಬೇತಿ ಮುಗಿಯಿತು. ಹೋಟೆಲಿನಲ್ಲಿ ನಾನು “ಇನ್ ಐದ್ ವರ್ಷ ತಡೀರಿ, ನೋಡ್ತೀರಂತೆ” ಎಂದು ಹೇಳತೊಡಗಿದೆ. ಪಂದ್ಯ ಐದು ದಿನಕ್ಕಿತ್ತು.

ಪಂದ್ಯದ ಭಾನುವಾರ ಕಾಲೇಜು ಮೈದಾನದ ಸುತ್ತ ಜನವೋ ಜನ. ನನ್ನ ಕಚೇರಿಯವರೆಲ್ಲ ಬಂದಿದ್ದರು. ಗಿರಿಜಾ ಅಕ್ಕಪಕ್ಕದ ಹೆಂಗಸರ ಜೊತೆ ಛತ್ರಿ ಹಿಡಿದು ಕೂತಿದ್ದಳು. ನಾನು ಇಸ್ತ್ರಿ ಮಾಡಿದ ಪಂಚೆ, ಕೋಟು ಧರಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಗಂಭೀರವಾಗಿ ಅಡ್ಡಾಡುತ್ತಿದ್ದೆ.

ಕುಣಿಗಲ್ ತಂಡ ಬಸ್ಸಿನಿಂದ ಇಳಿಯಿತು. ಕೊನೆಗೆ ಇಳಿದವನು ರೇಣು. ಕುಣಿಗಲ್ ತಂಡದ ಬನಿಯನ್ ಹಾಕಿದ್ದ.

“ಏನ್ಲಾ ಇದು?” ಎಂದೆ.

ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. “ಭಾವ, ನೀವು ಬೇಡ ಅಂದ್ರಿ. ಅವ್ರು ಬಾ ಅಂದ್ರು. ಊರೋರು ಕರುದ್ರೆ ಹೆಂಗ್ ಇಲ್ಲ ಅನ್ಲಿ?”

ಅಷ್ಟರಲ್ಲಿ ನನ್ನ ಯುವಜನರು ಬಂದರು. ಅವತ್ತು ಹಾಸ್ಟೆಲಿನಲ್ಲಿ ಯಾರೋ ಭಕ್ತರ ಊಟದ ಸೇವೆ. ಹೋಳಿಗೆ, ಪಾಯಸ. ಹುಡುಗರು ಇಷ್ಟು ವಾರಗಳ ಓಟದ ಹಸಿವನ್ನೆಲ್ಲ ಒಂದೇ ಪಂಕ್ತಿಯಲ್ಲಿ ತೀರಿಸಿಕೊಂಡಿದ್ದರು. ಒಬ್ಬ ನಿಂತೇ ತೂಕಡಿಸುತ್ತಿದ್ದ.

ಇಸ್ಮಾಯಿಲ್ ಕೂಡ ಬಂದ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ಗೋಲಿನ ಹಿಂದೆ ಹೋಗಿ, ಹುಲ್ಲಿನ ಮೇಲೆ ಕೂತು, ಟವೆಲ್ಲಿನ ಗಂಟು ಬಿಚ್ಚಿ, ಒಂದು ಮೊಟ್ಟೆ ಸುಲಿಯತೊಡಗಿದ.

“ಇಸ್ಮಾಯಿಲ್, ಬಾರಯ್ಯ, ಹೊತ್ತಾಯ್ತು!”

“ನಾನು ನೋಡಕ್ ಬಂದಿದೀನಿ ಸಾರ್.”

ಗುಬ್ಬಿಯಿಂದ ಬಂದಿದ್ದ ರೆಫರಿ ಗಡಿಯಾರ ನೋಡಿಕೊಂಡ. ಹತ್ತು ಜನ ಸಿದ್ಧರಿದ್ದರು. ಹನ್ನೊಂದನೆಯವನು ಬೇಕಿತ್ತು. ಜನರ ಮಧ್ಯೆ ನಿಂತಿದ್ದ ರಂಗಪ್ಪ ಮೇಷ್ಟ್ರು ಬಹಳ ಮೆದುವಾಗಿ ಹೇಳಿದರು: “ಮಹದೇವಯ್ಯನೋರ್ಗೆ ಎಲ್ಲಾ ಗೊತ್ತು.”

ನಾನು ಕೊನೆಯ ಅಸ್ತ್ರ ಬಿಟ್ಟೆ. “ಪಂಚೆ ಉಟ್ಕೊಂಡು ಆಡೋ ಹಾಗಿಲ್ಲ ಅಲ್ವಾ?” ಎಂದು ರೆಫರಿಯನ್ನು ಕೇಳಿದೆ. ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಪಂಚೆ ಬೇಡ ಅಂತ ರೂಲ್ಸಲ್ಲಿ ಎಲ್ಲೂ ನೋಡಿಲ್ಲ ಸಾರ್. ಕೋಟ್ ಮಾತ್ರ ತೆಗೀರಿ.”

ಕೋಟು ತೆಗೆದೆ. ಪಂಚೆ ಎತ್ತಿ ಕಟ್ಟಿದೆ. ಗೋಲಿನಲ್ಲಿ ನಿಂತೆ. ಹೊರಗಿನಿಂದ ನೋಡಿದಾಗ ಗೋಲು ಅಷ್ಟು ಅಗಲವಾಗಿರುವುದಿಲ್ಲ.

ಮೊದಲ ಗೋಲು ಎರಡನೇ ನಿಮಿಷಕ್ಕೇ ಬಂತು. ಅದನ್ನು ನಾನು ನೋಡಲಿಲ್ಲ. ಎರಡನೆಯದನ್ನು ನೋಡಿದೆ, ಅದರಿಂದ ಪ್ರಯೋಜನವಾಗಲಿಲ್ಲ. ಎರಡೂ ರೇಣುವಿನವು. ಹೆಂಗಸರ ಕಡೆಯಿಂದ ಜೋರು ಚಪ್ಪಾಳೆ ಕೇಳಿಸಿತು. ನಮ್ಮೂರಲ್ಲಿ ಕುಣಿಗಲ್ ಗೋಲಿಗೆ ಚಪ್ಪಾಳೆ ತಟ್ಟುವ ದ್ರೋಹಿ ಯಾರೆಂದು ತಿರುಗಿ ನೋಡಿದೆ. ಗಿರಿಜಾ ಛತ್ರಿಯನ್ನು ಪಕ್ಕದವರ ಕೈಗೆ ಕೊಟ್ಟು ಎರಡೂ ಕೈಯಲ್ಲಿ ತಟ್ಟುತ್ತಿದ್ದಳು. ತಿರುಗಿ ನೋಡುವುದರೊಳಗೆ ಮೂರನೆಯದು ಆಗಿತ್ತು!

“ಸಾರ್, ಮುಂದಕ್ ಬನ್ನಿ” ಎಂದ ಹಿಂದಿನಿಂದ ಇಸ್ಮಾಯಿಲ್, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು. ಮುಂದಕ್ಕೆ ಬಂದೆ. ಚೆಂಡು ತಲೆಯ ಮೇಲೆ ಹೋಯಿತು. “ಅಷ್ಟೊಂದ್ ಅಲ್ಲ ಸಾರ್” ಎಂದ.

ಐದನೆಯದನ್ನು ನಾನು ನಿಜವಾಗಿಯೂ ತಡೆದಿದ್ದೆ. ನೆಲದ ಮೇಲೆ ಬಂದ ಚೆಂಡು ನೇರವಾಗಿ ನನ್ನ ಪಂಚೆಯೊಳಗೆ ಸಿಕ್ಕಿಕೊಂಡಿತು. ಮೈದಾನವೆಲ್ಲ ಹೋ ಎಂದಿತು. ಆ ಸಂತೋಷದಲ್ಲಿ ಚೆಂಡನ್ನು ಬಿಡಿಸಿಕೊಳ್ಳಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ರೆಫರಿ ಸೀಟಿ ಊದಿದ. ಚೆಂಡಿನ ಸಮೇತ ನಾನೇ ಗೆರೆ ದಾಟಿ ಒಳಗೆ ಹೋಗಿದ್ದೆ. ಮನುಷ್ಯ ಸಹಿತ ಗೋಲು ಆ ಮೈದಾನದಲ್ಲಿ ಅದೇ ಮೊದಲಂತೆ.

ಅರ್ಧ ಆಟದ ಹೊತ್ತಿಗೆ ಯುವಜನರಲ್ಲಿ ಇಬ್ಬರು ಹೊಂಗೆ ಮರದ ನೆರಳಿನಲ್ಲಿ ಮಲಗಿದ್ದರು. ಉಳಿದ ಮೂವರು ಮಲಗಲು ನನ್ನ ಅನುಮತಿ ಕೇಳಿದರು.

ಒಂಬತ್ತು ಗೋಲಾಯಿತು. ಇನ್ನೇನು ಮುಗಿಯಬೇಕು, ಆಗ ಪಾಯಸದ ಭಾರಕ್ಕೆ ನಮ್ಮ ಗೋಲಿನ ಮುಂದೆಯೇ ಕುಸಿದು ಕೂತಿದ್ದ ಒಬ್ಬ ಹುಡುಗ, ಮುಖಕ್ಕೆ ಬಂದ ಚೆಂಡನ್ನು ಕೈಯಿಂದ ತಳ್ಳಿದ. ಪೆನಾಲ್ಟಿ! ಹೊಡೆಯಲು ಬಂದವನು ರೇಣು.

ಚೆಂಡಿಟ್ಟು ತಲೆಯೆತ್ತಿ ನನ್ನನ್ನು ನೋಡಿದ. ಪಂಚೆಯ ತುಂಬ ಕೆಂಪು ಮಣ್ಣು. ಮೊಣಕೈ ತರಚಿತ್ತು. ಹೋಟೆಲಿನ ಗೆಳೆಯರು ಗೆರೆಯಾಚೆ ನಿಂತು, ಮ್ಯಾನೇಜರನ್ನು ಯಾವತ್ತು ತೆಗೆಯಬೇಕೆಂದು ಜೋರಾಗಿ ಚರ್ಚಿಸುತ್ತಿದ್ದರು. ರೇಣುವಿಗೆ ಏನನ್ನಿಸಿತೋ ಏನೋ, ನನ್ನ ಹತ್ತಿರಕ್ಕೆ ಬಂದು ಪಿಸುಗುಟ್ಟಿದ.

“ಭಾವ, ಎಡಕ್ಕೆ ಮೆತ್ತಗೆ ಹೊಡೀತೀನಿ. ಎಡಕ್ಕೆ ಬೀಳಿ.”

ಸೇವೆಯಿಂದ ವಜಾ ಮಾಡಿದವನ ಮಾನ ಉಳಿಸಲು ಬಂದಿದ್ದ ನನ್ನ ಭಾಮೈದ! ಅವನು ಹಿಂದಕ್ಕೆ ಹೋದ. ರೆಫರಿ ಸೀಟಿ ಬಾಯಿಗಿಟ್ಟ. ಆಗ ನನ್ನೊಳಗಿನ ಗುಮಾಸ್ತನಿಗೆ ಒಂದು ಸಂದೇಹ ಬಂತು. ನಾವಿಬ್ಬರೂ ಎದುರುಬದುರು ನಿಂತಿದ್ದೆವು. ಅವನ ಎಡ ನನಗೆ ಬಲ. ಇಂಥ ವಿಷಯದಲ್ಲಿ ಸ್ಪಷ್ಟನೆ ಪಡೆಯದೆ ಮುಂದುವರಿಯುವುದು ಸರಿಯಲ್ಲ.

ನಾನು ಚೆಂಡಿನ ಕಡೆಗೆ ನಾಲ್ಕು ಹೆಜ್ಜೆ ಓಡಿ, “ರೇಣು, ನಿನ್ ಎಡಕ್ಕೋ ನನ್ ಎ—” ಎಂದೆ.

ಅವನು ಆಗಲೇ ಒದ್ದಿದ್ದ. ನಾನು ಓಡಿ ಬಂದದ್ದನ್ನು ನೋಡಿ ಗಾಬರಿಯಾಗಿ ಮೆತ್ತಗೆ ಹೊಡೆಯುವುದನ್ನೂ ಮರೆತಿದ್ದ.

ಕಣ್ಣು ಬಿಟ್ಟಾಗ ಮೇಲೆ ಆಕಾಶ, ಅದರ ಸುತ್ತ ತಲೆಗಳು. ಇಸ್ಮಾಯಿಲ್ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದ. “ಗೋಲ್ ಆಗ್ಲಿಲ್ಲ ಸಾರ್! ನೀವೇ ತಡುದ್ರಿ!” ಎಂದ. ಅವನ ಕಣ್ಣಲ್ಲಿ ನೀರಿತ್ತು. ದುಃಖಕ್ಕೋ ನಗುವಿಗೋ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಜಟಕಾದಲ್ಲಿ ನನ್ನನ್ನು ಡಾಕ್ಟರ ಬಳಿಗೆ ಸಾಗಿಸಿದರು. ಒಂದು ಪಕ್ಕ ರೇಣು, ಇನ್ನೊಂದು ಪಕ್ಕ ಗಿರಿಜಾ. ದಾರಿಯುದ್ದಕ್ಕೂ ಅವನು “ಅಕ್ಕಾ, ಬೇಕೂಂತ ಹೊಡೀಲಿಲ್ಲ ಕಣಕ್ಕಾ” ಎಂದು ಅಳುತ್ತಿದ್ದ. ಅವಳು “ಗೊತ್ತು ಬಿಡೋ, ಅವ್ರೇ ಹೋಗಿ ತಗಲಿಸ್ಕೊಂಡ್ರು” ಎಂದು ಅವನನ್ನೇ ಸಮಾಧಾನ ಮಾಡುತ್ತಿದ್ದಳು. ಸೆರಗಿನ ತುದಿಯಿಂದ ನನ್ನ ಗಲ್ಲದ ರಕ್ತ ಒರೆಸುತ್ತಿದ್ದುದನ್ನು ಮಾತ್ರ ನಿಲ್ಲಿಸಲಿಲ್ಲ.

ಮೂಗು ಉಳಿದಿತ್ತು. ಹೊಡೆತ ಬಿದ್ದಾಗ ಬಾಯಿ ತೆರೆದಿದ್ದುದರಿಂದ ಮೇಲ್ತುಟಿ ಸೀಳಿತ್ತು. ಡಾಕ್ಟರು ಮೂರು ಹೊಲಿಗೆ ಹಾಕಿ, ಪಟ್ಟಿ ಅಂಟಿಸಿ, ಚೀಟಿ ಬರೆಯುತ್ತ ಹೇಳಿದರು: “ಗಂಜಿ ಕೊಡಿ. ಹೊಲಿಗೆ ಬಿಚ್ಚಬಾರದು, ಅದಕ್ಕೆ ಒಂದು ವಾರ ಇವರು ಮಾತಾಡೋ ಹಾಗಿಲ್ಲ.”

ಗಿರಿಜಾ ಬಹಳ ವಿನಯದಿಂದ ಕೇಳಿದಳು: “ಹದಿನೈದ್ ದಿನ ಮಾಡಕ್ಕಾಗಲ್ವಾ ಡಾಕ್ಟ್ರೇ?”

ಡಾಕ್ಟರು ಪೆನ್ನು ಎತ್ತಿ ನನ್ನ ಕಡೆ ನೋಡಿದರು. ಅವರೂ ಸಂಜೆ ಹೊತ್ತು ಅದೇ ಹೋಟೆಲಿಗೆ ಕಾಫಿಗೆ ಬರುವವರು. ಏನೋ ಯೋಚಿಸಿ, ಒಂದು ವಾರವನ್ನು ಹೊಡೆದುಹಾಕಿ, ಹದಿನೈದು ದಿನ ಎಂದು ಬರೆದು ಸಹಿ ಮಾಡಿದರು.

ಅದಕ್ಕೆ ನನ್ನದೊಂದು ಆಕ್ಷೇಪಣೆಯಿತ್ತು. ಆದರೆ ಹೇಳುವ ಹಾಗಿರಲಿಲ್ಲ.